ಉಷ್ಣವಲಯದ ಸೈನಿಕ ಬೆಂಡುಟೋಪಿ: ಸಂಗ್ರಹದಿಂದ ಇತಿಹಾಸಕ್ಕೆ

ಇತಿಹಾಸದ ಆಕರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಬರುವುವು ಶಿಲಾಶಾಸನ, ತಾಮ್ರಪಟ, ನಾಣ್ಯ, ಓಲೆಗರಿ ಮತ್ತು ಸರಕಾರದ ಕಡತಗಳು. ಜನರು ಉಟ್ಟು ತೊಟ್ಟು ಸವೆಸಿದ ವಸ್ತುಗಳೂ ಇವುಗಳ ಸಾಲಿನಲ್ಲಿ ನಿಲ್ಲತಕ್ಕ ಆಕರಗಳೆಂಬುದನ್ನು ನಾವು ಒಪ್ಪುವೆವಾದರೂ, ಅವನ್ನು ಓದುವ ಅಭ್ಯಾಸವನ್ನು ಅಷ್ಟಾಗಿ ಬೆಳೆಸಿಕೊಂಡಿಲ್ಲ. ಬರೆಹವು ಬರೆದವನು ಹೇಳಬೇಕೆಂದುದನ್ನು ಹೇಳುತ್ತದೆ. ಬಳಕೆಯ ವಸ್ತುವಾದರೋ ಯಾರೂ ಹೇಳಬೇಕೆಂದು ಎಣಿಸದಿದ್ದುದನ್ನು ಹೇಳುತ್ತದೆ. ಪ್ರಕೃತ ಲೇಖನದಲ್ಲಿ ಅಂಥ ಒಂದು ವಸ್ತುವನ್ನು, ಎಂದರೆ ಐರೋಪ್ಯ ಸೈನ್ಯಗಳು ಉಷ್ಣದೇಶಗಳಲ್ಲಿ ಧರಿಸುತ್ತಿದ್ದ ಬೆಂಡಿನ ಟೋಪಿಯನ್ನು, ಪರಿಶೀಲಿಸಲಾಗಿದೆ.

ಈ ಟೋಪಿಗಳನ್ನು ಸಂಗ್ರಹಿಸುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಬಹುಮಂದಿ ಇವನ್ನು ಕೊಳ್ಳುವುದು ನೋಟದ ಸೊಗಸಿಗಾಗಿ, ಇಲ್ಲವೆ ಯಾವುದೋ ಯುದ್ಧದ ನೆನಪಿಗಾಗಿ. ಆದರೆ ಅನೇಕ ಟೋಪಿಗಳನ್ನು ಒಂದೆಡೆ ಇರಿಸಿ, ಕಾಲಾನುಕ್ರಮದಲ್ಲಿ ಹೋಲಿಸಿ ನೋಡಿದರೆ ಬೇರೊಂದು ಸಂಗತಿ ವಿದಿತವಾಗುತ್ತದೆ. ಈ ಟೋಪಿಗಳು ಬಿಸಿಲಿನ ಇತಿಹಾಸವನ್ನು ಹೇಳುವುದಿಲ್ಲ. ಬಿಸಿಲನ್ನು ಕುರಿತು ಆಳುವವರಿಗಿದ್ದ ಒಂದು ನಂಬಿಕೆಯ ಹುಟ್ಟು, ಬೆಳವಣಿಗೆ ಮತ್ತು ಅಳಿವನ್ನು ಹೇಳುತ್ತವೆ. ಆ ನಂಬಿಕೆಯ ಗುರುತುಗಳು ಉಳಿದಿರುವುದು ಟೋಪಿಯ ಹೊಳೆಯುವ ಭಾಗಗಳಲ್ಲಲ್ಲ, ಒಳಗಿನ ಅಸ್ತರಿಯಲ್ಲಿ, ಬೆವರು ಕುಡಿದ ತೊಗಲಪಟ್ಟಿಯಲ್ಲಿ, ಹೊಲಿಗೆಯಲ್ಲಿ. ಸಂಗ್ರಾಹಕರು ಮೊದಲು ತೆಗೆದು ಬಿಸಾಡುವುದೂ ಇವನ್ನೇ. ಆದುದರಿಂದ ಸಂಗ್ರಹದ ಕ್ರಮವು ಇಲ್ಲಿ ಕೇವಲ ಅಭಿರುಚಿಯ ಪ್ರಶ್ನೆಯಾಗಿರದೆ ಸಾಕ್ಷ್ಯದ ಅಳಿವು ಉಳಿವಿನ ಪ್ರಶ್ನೆಯಾಗಿದೆ.

೧. ಹೆಸರು ಮತ್ತು ವಸ್ತು

ಇಂಗ್ಲಿಷಿನಲ್ಲಿ ಈ ಟೋಪಿಗೆ ‘ಸೋಲಾರ್ ಟೋಪಿ’ ಎಂಬ ಹೆಸರು ಬಹುಕಾಲ ಬಳಕೆಯಲ್ಲಿತ್ತು. ಸೂರ್ಯನಿಗೆ ಸಂಬಂಧಿಸಿದ ಲ್ಯಾಟಿನ್ ಮೂಲದ ಪದವು ಇದರಲ್ಲಿದೆಯೆಂದು ಅನೇಕರು ಭಾವಿಸಿದ್ದರು. ನಿಜವಾಗಿ ಇದು ‘ಸೋಲಾ ಟೋಪಿ’. ಸೋಲಾ ಅಥವಾ ಶೋಲಾ ಎಂಬುದು ಬಂಗಾಳವೇ ಮೊದಲಾದ ಕಡೆಗಳ ಜೌಗುನೆಲದಲ್ಲಿ ಬೆಳೆಯುವ ಒಂದು ಗಿಡ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಈಸ್ಕಿನಾಮಿನಿ ಆಸ್ಪೆರ ಎಂದು ಹೆಸರು. ಗಿಡದ ತೆಳುವಾದ ಸಿಪ್ಪೆಯನ್ನು ಹೆರೆದರೆ ಒಳಗೆ ಹಾಲಿನಂತೆ ಬಿಳುಪಾದ, ಅತ್ಯಂತ ಹಗುರವಾದ ಬೆಂಡು ದೊರೆಯುತ್ತದೆ. ಬಂಗಾಳದ ಮಾಲಾಕಾರರು ಇದರಿಂದ ದೇವತಾಮೂರ್ತಿಗಳ ಆಭರಣಗಳನ್ನೂ, ವರನು ಧರಿಸುವ ‘ಟೋಪರ್’ ಎಂಬ ಶಿರೋಭೂಷಣವನ್ನೂ ಮಾಡುತ್ತಾರೆ. ನಮ್ಮ ಕಡೆಯಲ್ಲಿ ಮದುವೆಯ ಬಾಸಿಂಗವನ್ನು ಬೆಂಡಿನಿಂದ ಮಾಡುವ ಪದ್ಧತಿಯನ್ನು ಬಲ್ಲವರಿಗೆ ಈ ವಸ್ತುವಿನ ಗುಣವನ್ನು ವಿವರಿಸಬೇಕಾಗಿಲ್ಲ. ದೇಶೀಯ ಕುಶಲಕರ್ಮಿಯ ಕೈಯಲ್ಲಿ ಹಬ್ಬಕ್ಕೂ ಮದುವೆಗೂ ಒದಗುತ್ತಿದ್ದ ಬೆಂಡೇ ಸಾಮ್ರಾಜ್ಯದ ಸಿಪಾಯಿಯ ತಲೆಯನ್ನು ಏರಿತು.

ಟೋಪಿಯನ್ನು ಮಾಡುವ ಕ್ರಮ ಸರಳವಾದುದು. ಬೆಂಡನ್ನು ಹರಿತವಾದ ಅಲಗಿನಿಂದ ತೆಳುವಾದ ಹಾಳೆಗಳಾಗಿ ಸುರುಳಿಯಂತೆ ಕೊಯ್ದು, ಮರದ ಅಚ್ಚಿನ ಮೇಲೆ ಅಂಟಿನಿಂದ ಒಂದರ ಮೇಲೊಂದು ಪದರವಾಗಿ ಹಚ್ಚುತ್ತಿದ್ದರು. ಒಣಗಿದ ಮೇಲೆ ಅದಕ್ಕೆ ಹತ್ತಿಯ ಬಟ್ಟೆಯನ್ನು ತ್ರಿಕೋನಾಕಾರದ ತುಂಡುಗಳಾಗಿ ಹೊಲಿದು ಹೊದಿಸುತ್ತಿದ್ದರು. ಅಂಚಿಗೆ ತೊಗಲು ಅಥವಾ ಬಟ್ಟೆಯ ಕಟ್ಟು, ಒಳಗೆ ತೊಗಲಪಟ್ಟಿ, ನೆತ್ತಿಯಲ್ಲಿ ಗಾಳಿಗಂಡಿ. ತೊಗಲಪಟ್ಟಿಯು ಟೋಪಿಯ ಗೋಡೆಗೆ ನೇರವಾಗಿ ತಾಗದಂತೆ ನಡುನಡುವೆ ಚಿಕ್ಕ ಆಸರೆಗಳನ್ನಿಟ್ಟು, ಗಾಳಿಯು ಕೆಳಗಿನಿಂದ ಹೊಕ್ಕು ನೆತ್ತಿಯ ಗಂಡಿಯಿಂದ ಹೊರಡುವಂತೆ ಮಾಡಲಾಗುತ್ತಿತ್ತು.

ಬೆಂಡಿಗೆ ಒಂದು ದೋಷವುಂಟು: ನೀರು ಕುಡಿದರೆ ಅದು ಮೆತ್ತಗಾಗುತ್ತದೆ, ಪೆಟ್ಟು ಬಿದ್ದರೆ ಒಡೆಯುತ್ತದೆ. ಮಳೆಗಾಲದ ದಂಡಯಾತ್ರೆಗೆ ಇದು ತಕ್ಕುದಲ್ಲ. ಆದುದರಿಂದ ಸೈನ್ಯದ ಟೋಪಿಗಳಲ್ಲಿ ಬೆಂಡಿನ ಬದಲು ಕಾರ್ಕನ್ನು, ಎಂದರೆ ಭೂಮಧ್ಯಸಮುದ್ರದ ತೀರಗಳಲ್ಲಿ ಬೆಳೆಯುವ ಒಂದು ಬಗೆಯ ಓಕ್ ಮರದ ತೊಗಟೆಯನ್ನು, ಬಳಸುವುದು ಹೆಚ್ಚಾಯಿತು. ಕಾರ್ಕು ಬೆಂಡಿಗಿಂತ ತೂಕವುಳ್ಳದ್ದು, ಆದರೆ ಬಾಳಿಕೆಯುಳ್ಳದ್ದು. ಇಂದು ‘ಬೆಂಡುಟೋಪಿ’ ಎಂದು ಕರೆಯಲ್ಪಡುವ ಸೈನಿಕ ಟೋಪಿಗಳಲ್ಲಿ ಎಷ್ಟೋ ಕಾರ್ಕಿನವೇ ಆಗಿವೆ. ಟೋಪಿಯನ್ನು ಕೈಯಲ್ಲಿ ತೂಗಿ ನೋಡುವುದೇ ಸಂಗ್ರಾಹಕನ ಮೊದಲ ಪರೀಕ್ಷೆ.

ಟೋಪಿಯ ಸುತ್ತ ಮಡಿಕೆ ಮಡಿಕೆಯಾಗಿ ಸುತ್ತಿದ ಬಟ್ಟೆಗೆ ಇಂಗ್ಲಿಷರು ‘ಪಗರಿ’ ಎನ್ನುತ್ತಿದ್ದರು. ಇದು ನಮ್ಮ ದೇಶದ ಪಗಡಿಯೇ. ಉತ್ತರ ಹಿಂದೂಸ್ಥಾನದಲ್ಲಿ ಆಂಗ್ಲ ಅಧಿಕಾರಿಗಳು ದೇಶೀಯರನ್ನು ನೋಡಿ ತಮ್ಮ ಟೋಪಿಗೆ ಬಟ್ಟೆಯನ್ನು ಸುತ್ತಿಕೊಂಡರು. ಮುಂದೆ ಅದು ಸಮವಸ್ತ್ರದ ಅಂಗವಾಗಿ, ಎಷ್ಟು ಮಡಿಕೆ, ಯಾವ ಬಣ್ಣ ಎಂಬ ನಿಯಮಕ್ಕೆ ಒಳಗಾಯಿತು. ತಲೆಯನ್ನು ಬಿಸಿಲಿನಿಂದ ಕಾಯಲು ಈ ದೇಶದವರು ಕಂಡುಕೊಂಡಿದ್ದ ಉಪಾಯವು ಹೀಗೆ ಐರೋಪ್ಯ ಟೋಪಿಯ ಮೇಲೆ ಅಲಂಕಾರದ ರೂಪದಲ್ಲಿ ಉಳಿಯಿತು.

೨. ರೂಪಗಳ ಬೆಳವಣಿಗೆ

ಹತ್ತೊಂಬತ್ತನೆಯ ಶತಮಾನದ ನಾಲ್ಕನೆಯ ಮತ್ತು ಐದನೆಯ ದಶಕಗಳಲ್ಲಿ, ಮುಖ್ಯವಾಗಿ ಸಿಖ್ ಯುದ್ಧಗಳ ಸಮಯದಲ್ಲಿ, ಇಂಗ್ಲಿಷ್ ಅಧಿಕಾರಿಗಳು ತಂತಮ್ಮ ಇಚ್ಛೆಯಂತೆ ಬೆಂಡಿನ ಟೋಪಿಗಳನ್ನು ಧರಿಸತೊಡಗಿದರು. ಆಗ ಒಂದು ಖಚಿತವಾದ ಮಾದರಿ ಇರಲಿಲ್ಲ. ೧೮೫೭ರ ದಂಗೆಯ ಬೇಸಗೆಯ ಕಾಳಗಗಳಲ್ಲಿ ಇವುಗಳ ಬಳಕೆ ಹೆಚ್ಚಿತು. ಕುತ್ತಿಗೆಯ ಮೇಲೆ ಇಳಿಬೀಳುವ ಬಟ್ಟೆಯ ಹೊದಿಕೆಗೆ ಆ ಕಾಲದ ಸೇನಾನಿಯಾದ ಹೆನ್ರಿ ಹ್ಯಾವ್‌ಲಾಕನ ಹೆಸರೇ ನಿಂತಿದೆ.

೧೮೭೭ರ ಸುಮಾರಿನಲ್ಲಿ ಬ್ರಿಟಿಷ್ ಸೈನ್ಯವು ಬಿಳಿಯ ಬಟ್ಟೆ ಹೊದಿಸಿದ ಕಾರ್ಕಿನ ಟೋಪಿಯನ್ನು ವಿದೇಶಸೇವೆಯ ಸಾಮಾನ್ಯ ಮಾದರಿಯಾಗಿ ಸ್ವೀಕರಿಸಿತು. ಮುಂದೆ ಚಾಚಿದ ಚುಂಚು, ಹಿಂದೆ ಇಳಿದ ಅಂಚು, ಎತ್ತರವಾದ ನೆತ್ತಿ ಇದರ ಲಕ್ಷಣ. ೧೮೭೯ರ ಜೂಲೂ ಯುದ್ಧದಲ್ಲಿ ಧರಿಸಿದ್ದುದು ಈ ಬಗೆಯ ಟೋಪಿ. ಆಫ್ರಿಕದ ಹುಲ್ಲುಗಾವಲಿನಲ್ಲಿ ಬಿಳಿಯ ಟೋಪಿಯು ದೂರದಿಂದಲೇ ಗುರಿಯಾಗಿ ಕಾಣುತ್ತಿದ್ದುದರಿಂದ ಸೈನಿಕರು ಅದನ್ನು ಚಹದ ಕಷಾಯದಲ್ಲಿಯೂ ಮಣ್ಣಿನಲ್ಲಿಯೂ ಕಂದುಬಣ್ಣಕ್ಕೆ ತಂದು, ಮುಂಭಾಗದ ಹಿತ್ತಾಳೆಯ ಬಿಲ್ಲೆಯನ್ನು ತೆಗೆದುಹಾಕುತ್ತಿದ್ದರು. ಸಮವಸ್ತ್ರದ ನಿಯಮ ಒಂದನ್ನು ಹೇಳುತ್ತಿತ್ತು. ಬದುಕಿ ಉಳಿಯಬೇಕೆಂಬ ಸೈನಿಕನ ವಿವೇಕ ಇನ್ನೊಂದನ್ನು ಮಾಡುತ್ತಿತ್ತು. ನಿಯಮವನ್ನು ತಿಳಿಯಲು ಪುಸ್ತಕವಿದೆ. ಆ ವಿವೇಕವನ್ನು ತಿಳಿಯಲು ಟೋಪಿಯ ಮೇಲಿನ ಕಲೆಯೂ ಬಿಲ್ಲೆ ತೆಗೆದ ಗುರುತೂ ಬೇಕು.

ಮುಂದೆ ಬಿಳುಪಿನ ಸ್ಥಾನಕ್ಕೆ ಖಾಕಿಯು ಬಂದಿತು. ಖಾಕ್ ಎಂದರೆ ಪಾರಸಿಯಲ್ಲಿ ಧೂಳು. ೧೮೪೦ರ ದಶಕದ ಕೊನೆಯಲ್ಲಿ ಹ್ಯಾರಿ ಲಮ್ಸ್‌ಡನ್ನನು ವಾಯವ್ಯದ ಗಡಿಯಲ್ಲಿ ತನ್ನ ‘ಗೈಡ್ಸ್’ ದಳಕ್ಕೆ ಈ ಬಣ್ಣದ ಉಡುಪನ್ನು ತೊಡಿಸಿದನು. ಈ ಬಣ್ಣದ ಚರಿತ್ರೆಯಲ್ಲಿ ಕರ್ಣಾಟಕಕ್ಕೂ ಒಂದು ಪಾಲುಂಟು. ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆಯ ಕಾರ್ಖಾನೆಯಲ್ಲಿ ೧೮೫೦ರ ದಶಕದಲ್ಲಿ ಹಾಲರ್ ಎಂಬ ಕುಶಲ ನೇಕಾರನು ಖಾಕಿಯ ಬಣ್ಣವನ್ನು ಸಿದ್ಧಪಡಿಸಿದನೆಂಬುದು ಆ ಪ್ರಾಂತದಲ್ಲಿ ಪ್ರಸಿದ್ಧವಾದ ಸಂಗತಿ.

೧೯೦೦ರ ಉಡುಪಿನ ನಿಯಮಾವಳಿಯಲ್ಲಿ ‘ವೂಲ್ಸ್‌ಲಿ ಮಾದರಿ’ಯೆಂಬ ಟೋಪಿಯ ವರ್ಣನೆಯಿದೆ. ಇದಕ್ಕೆ ಸೇನಾಧಿಪತಿಯಾದ ವೂಲ್ಸ್‌ಲಿಯ ಹೆಸರಿದೆಯಾದರೂ ಇದನ್ನು ರೂಪಿಸಿದವನು ಅವನಲ್ಲ. ಸುತ್ತಲೂ ಅಗಲವಾಗಿ ಹರಡಿ, ಹಿಂದಕ್ಕೆ ನೀಳವಾಗಿ ಇಳಿಯುವ ಅಂಚು ಇದರ ವಿಶೇಷ. ಹಳೆಯ ಮಾದರಿಯು ಹಣೆಯನ್ನೂ ಹಿಂದಲೆಯನ್ನೂ ಮಾತ್ರ ಕಾಯುತ್ತಿದ್ದರೆ, ಇದು ಕಪೋಲವನ್ನೂ ಕುತ್ತಿಗೆಯನ್ನೂ ನೆರಳಿನಲ್ಲಿರಿಸುತ್ತಿತ್ತು. ಸುಮಾರು ಅರ್ಧ ಶತಮಾನ, ೧೯೪೮ರವರೆಗೆ, ಇದು ಬ್ರಿಟಿಷ್ ಸೈನ್ಯದ ಬಳಕೆಯಲ್ಲಿತ್ತು.

ಇತರ ರಾಜ್ಯಗಳೂ ಹಿಂದೆ ಬೀಳಲಿಲ್ಲ. ಫ್ರೆಂಚರ ವಸಾಹತು ಪಡೆಗಳ ಟೋಪಿಯಲ್ಲಿ ಲಂಗರಿನ ಲಾಂಛನ ಕಾಣುತ್ತದೆ. ೧೯೩೫–೩೬ರ ಅಬಿಸೀನಿಯದ ಯುದ್ಧದಲ್ಲಿ ಇಟಲಿಯ ಸೈನಿಕರು ಧರಿಸಿದ್ದ ೧೯೨೮ರ ಮಾದರಿಯ ಟೋಪಿಗೆ ಹಸುರು, ಬಿಳುಪು, ಕೆಂಪು ಬಣ್ಣಗಳ ದುಂಡು ಬಿಲ್ಲೆ ಇರುತ್ತಿತ್ತು. ಜರ್ಮನರು ೧೯೪೦ರಲ್ಲಿ ರೂಪಿಸಿದ ಟೋಪಿಯ ಎರಡು ಪಕ್ಕಗಳಿಗೆ ಲೋಹದ ಎರಡು ಚಿಕ್ಕ ಗುರಾಣಿಗಳನ್ನು ಜೋಡಿಸಿದ್ದರು. ಅಮೆರಿಕದಲ್ಲಿ ಹಾಲಿ ಎಂಬ ಕಾರ್ಖಾನೆಯು ಬೆಂಡನ್ನೂ ಕಾರ್ಕನ್ನೂ ಬಿಟ್ಟು, ನಾರನ್ನು ಅಚ್ಚಿನಲ್ಲಿ ಒತ್ತಿ ಟೋಪಿಗಳನ್ನು ತಯಾರಿಸಿತು. ಎಲ್ಲಕ್ಕಿಂತ ವಿಚಾರಾರ್ಹವಾದುದು ವಿಯೆಟ್ನಾಮಿನ ಟೋಪಿ. ಫ್ರೆಂಚ್ ಅಧಿಕಾರದ ಗುರುತಾಗಿದ್ದ ಟೋಪಿಯ ಆಕಾರವನ್ನೇ ಫ್ರೆಂಚರ ವಿರುದ್ಧ ಹೋರಾಡಿದವರು ತಮ್ಮದಾಗಿಸಿಕೊಂಡರು. ಅಲ್ಲಿನ ಭಾಷೆಯಲ್ಲಿ ಇದರ ಹೆಸರು ‘ಮೂ ಕೋಯ್’, ಎಂದರೆ ಒರಳುಟೋಪಿ. ಒಂದು ವಸ್ತುವಿನ ಅರ್ಥವು ಅದರ ಆಕಾರದಲ್ಲಿಲ್ಲ, ಧರಿಸಿದವನ ಉದ್ದೇಶದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

೩. ಟೋಪಿಯ ಹಿಂದಿದ್ದ ನಂಬಿಕೆ

ಬಿಸಿಲಿನಲ್ಲಿ ತಲೆಗೆ ನೆರಳು ಬೇಕೆಂಬುದು ಎಲ್ಲ ಜನರೂ ಬಲ್ಲ ಮಾತು. ಆದರೆ ಟೋಪಿಯ ಹಿಂದೆ ಇದ್ದುದು ಇಷ್ಟೇ ಅಲ್ಲ. ಕಾನ್ಪುರದಲ್ಲಿ ಶಸ್ತ್ರವೈದ್ಯನಾಗಿದ್ದ ಜೂಲಿಯಸ್ ಜೆಫ್ರೀಸನು ೧೮೫೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಿಂದೂಸ್ಥಾನದಲ್ಲಿನ ಬ್ರಿಟಿಷ್ ಸೈನಿಕರ ಪ್ರಾಣರಕ್ಷಣೆಗೆ ತಕ್ಕ ಉಡುಪು ಮತ್ತು ವಸತಿಗಳನ್ನು ವಿಚಾರಮಾಡಿದನು. ಅವನ ಲಕ್ಷ್ಯವಿದ್ದುದು ಮುಖ್ಯವಾಗಿ ತಾಪದ ಕಡೆಗೆ. ಶತಮಾನದ ಕೊನೆಗೆ ಈ ವಿಚಾರವು ಬೇರೊಂದು ತಿರುವನ್ನು ಪಡೆಯಿತು. ಕ್ಷಕಿರಣಗಳ ಶೋಧನೆಯಾದುದು ೧೮೯೫ರಲ್ಲಿ. ಕಣ್ಣಿಗೆ ಕಾಣದ ಕಿರಣಗಳು ದೇಹವನ್ನು ತೂರಿಹೋಗಬಲ್ಲವೆಂದು ತಿಳಿದ ಮೇಲೆ, ಉಷ್ಣವಲಯದ ಸೂರ್ಯನಲ್ಲಿಯೂ ಅಂಥ ಕಿರಣಗಳಿದ್ದು ಅವು ಬಿಳಿಯರ ತಲೆಬುರುಡೆಯನ್ನು ಭೇದಿಸಿ ಮಿದುಳನ್ನೂ ಬೆನ್ನುಹುರಿಯನ್ನೂ ಕೆಡಿಸುತ್ತವೆಂಬ ಅಭಿಪ್ರಾಯವು ಬಲಗೊಂಡಿತು. ಅಮೆರಿಕದ ಸೈನ್ಯವೈದ್ಯನಾದ ಚಾರಲ್ಸ್ ವುಡ್ರಫನು ೧೯೦೫ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನೇ ಬರೆದನು.

ಈ ಅಭಿಪ್ರಾಯದ ಮುದ್ರೆಯು ಟೋಪಿಗಳ ಮೇಲೆ ಸ್ಪಷ್ಟವಾಗಿ ಬಿದ್ದಿದೆ. ಕೇವಲ ನೆರಳೇ ಉದ್ದೇಶವಾಗಿದ್ದರೆ ಅಗಲವಾದ ಅಂಚು ಸಾಕಾಗಿತ್ತು. ದಪ್ಪವಾದ ನೆತ್ತಿ ಬೇಕಾಗಿರಲಿಲ್ಲ. ಕಿರಣವನ್ನು ತಡೆಯುವುದು ಉದ್ದೇಶವಾದಾಗ ಗೋಡೆಯು ದಪ್ಪವಾಯಿತು, ಅಸ್ತರಿಗೆ ಕೆಂಪು ಅಥವಾ ಕಿತ್ತಳೆಯ ಬಣ್ಣ ಬಂದಿತು; ಛಾಯಾಗ್ರಾಹಕನು ತನ್ನ ಕತ್ತಲೆಕೋಣೆಯಲ್ಲಿ ಕೆಂಪು ಗಾಜನ್ನು ಬಳಸುವ ತತ್ತ್ವವನ್ನೇ ಇಲ್ಲಿ ತಲೆಗೆ ಅನ್ವಯಿಸಲಾಯಿತು. ಅಂಚಿನ ಕೆಳಭಾಗದ ಹಸುರು ಬಟ್ಟೆಯು ಕಣ್ಣಿಗೆ ಬಡಿಯುವ ಪ್ರತಿಫಲನವನ್ನು ತಗ್ಗಿಸಲು ಇದ್ದುದು; ಕೆಂಪು ಅಸ್ತರಿಯಾದರೋ ಮಿದುಳಿನ ರಕ್ಷಣೆಗೆ. ಬೆನ್ನುಹುರಿಯ ಮೇಲೆ ತೂಗುಹಾಕಿಕೊಳ್ಳುವ ದಪ್ಪನೆಯ ಬಟ್ಟೆಯ ಪಟ್ಟಿಯನ್ನೂ ಸೈನಿಕರಿಗೆ ಕೊಡಲಾಗುತ್ತಿತ್ತು.

ಈ ಸಿದ್ಧಾಂತವನ್ನು ಪ್ರಯೋಗಕ್ಕೊಡ್ಡಿದವರೂ ಸೈನ್ಯದ ವೈದ್ಯರೇ. ಫಿಲಿಪೈನ್ಸಿನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಕೆಲವರಿಗೆ ಕಿತ್ತಳೆಗೆಂಪು ಬಣ್ಣದ ಒಳ ಉಡುಪನ್ನು ತೊಡಿಸಿ, ಸಾಮಾನ್ಯ ಉಡುಪಿನ ಸೈನಿಕರೊಡನೆ ಹೋಲಿಸಿ ನೋಡಲಾಯಿತು. ಅದರ ವರದಿಯನ್ನು ಫೇಲನ್ ಎಂಬ ವೈದ್ಯಾಧಿಕಾರಿಯು ೧೯೧೦ರಲ್ಲಿ ಪ್ರಕಟಿಸಿದನು: ಬಣ್ಣದ ಬಟ್ಟೆಯಿಂದ ಯಾವ ಪ್ರಯೋಜನವೂ ಕಂಡುಬರಲಿಲ್ಲ. ಹೀಗಿದ್ದರೂ ಕೆಂಪು ಅಸ್ತರಿಯ ಟೋಪಿಗಳು ಆಮೇಲೆಯೂ ತಯಾರಾದುವು. ಶಾಸ್ತ್ರವು ಕೈಬಿಟ್ಟ ಮಾತನ್ನು ರೂಢಿಯು ಎಷ್ಟು ಕಾಲ ಹಿಡಿದಿರಬಲ್ಲದೆಂಬುದನ್ನು ಅಳೆಯಬೇಕಾದರೆ, ತಯಾರಿಕೆಯ ವರ್ಷವನ್ನುಳ್ಳ ಟೋಪಿಗಳ ಅಸ್ತರಿಯನ್ನು ನೋಡಬೇಕು. ಇದು ಗ್ರಂಥಾಲಯದಲ್ಲಿ ದೊರೆಯುವ ಸಾಕ್ಷ್ಯವಲ್ಲ.

೪. ಒಂದೇ ಬಿಸಿಲು, ಎರಡು ತಲೆಗಳು

ಈ ನಂಬಿಕೆಗೆ ಎದುರಾಗಿ ದಿನವೂ ಕಣ್ಣೆದುರಿಗೆ ನಿಂತಿದ್ದ ಸಾಕ್ಷಿಯೆಂದರೆ ಹಿಂದೂಸ್ಥಾನದ ಸಿಪಾಯಿ. ಅದೇ ಸೈನ್ಯದಲ್ಲಿ, ಅದೇ ಮೈದಾನದಲ್ಲಿ, ಅದೇ ನಡುಹಗಲಿನಲ್ಲಿ ಅವನು ಮುಂಡಾಸನ್ನು ಸುತ್ತಿಕೊಂಡು ನಡೆಯುತ್ತಿದ್ದನು. ೧೯೧೮ನೆಯ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ಗೆದ್ದ ಕಾಳಗದಲ್ಲಿ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳು ಭಾಗವಹಿಸಿದುವು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಹೈದರಾಬಾದು, ಮೈಸೂರು, ಜೋಧಪುರಗಳ ಸವಾರರನ್ನು ಪ್ರತಿನಿಧಿಸುವ ಮೂರು ಪ್ರತಿಮೆಗಳೂ ಮುಂಡಾಸನ್ನೇ ಧರಿಸಿವೆ. ಈ ಸವಾರರು ಈಜಿಪ್ಟ್, ಸಿನಾಯಿಗಳ ಮರಳುಗಾಡನ್ನು ಕಂಡವರು. ಬೆಂಡುಟೋಪಿ ಅವರಿಗೆ ಬೇಕಾಗಿರಲಿಲ್ಲ.

ಇದಕ್ಕೆ ನಂಬಿಕೆಯು ಕೊಟ್ಟ ಸಮಾಧಾನವು ಗಮನಾರ್ಹ: ದೇಶೀಯರ ತಲೆಬುರುಡೆಯೇ ಬೇರೆ, ಅದು ಹೆಚ್ಚು ದಪ್ಪ. ಬರ್ಮಾದಲ್ಲಿ ೧೯೨೨ರಿಂದ ೧೯೨೭ರವರೆಗೆ ಪೋಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ಲನು ೧೯೪೪ರಲ್ಲಿ ಬರೆದ ಒಂದು ಅಂಕಣದಲ್ಲಿ ಈ ಟೋಪಿಯ ನಂಬಿಕೆಯನ್ನು ಮೂಢನಂಬಿಕೆಯೆಂದು ಕರೆದು, ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಪ್ರಕೃತಿಯೇ ಗೆರೆ ಎಳೆದಿದೆಯೆಂದು ತೋರಿಸಲು ಅದು ಒದಗುತ್ತಿತ್ತೆಂಬ ಆಶಯವನ್ನು ಪ್ರಕಟಿಸಿದನು. ಟೋಪಿಯು ಆರೋಗ್ಯದ ಸಾಧನವಾಗಿ ಮಾತ್ರ ಉಳಿದಿರಲಿಲ್ಲ. ಅದು ದೇಹದ ಭೇದವನ್ನು ಸಾರುವ ಚಿಹ್ನೆಯಾಗಿತ್ತು. ಆಂಗ್ಲೋ-ಇಂಡಿಯನ್ ಸಮುದಾಯದವರು ಅದನ್ನು ಬಿಡದೆ ಧರಿಸುತ್ತಿದ್ದುದಕ್ಕೂ, ಸರ್ ಎಂ. ವಿಶ್ವೇಶ್ವರಯ್ಯನವರು ಐರೋಪ್ಯ ಉಡುಪಿನ ಮೇಲೆಯೂ ಮೈಸೂರು ಪೇಟವನ್ನೇ ಧರಿಸುತ್ತಿದ್ದುದಕ್ಕೂ ಹಿನ್ನೆಲೆಯಾಗಿ ಈ ಅರ್ಥವನ್ನು ನೆನೆಯಬೇಕು. ಆ ಕಾಲದಲ್ಲಿ ತಲೆಯ ಮೇಲಿನದು ಮನುಷ್ಯನು ಯಾವ ಪಕ್ಕದವನೆಂಬುದನ್ನು ಹೇಳುತ್ತಿತ್ತು.

ನಂಬಿಕೆಯು ರಕ್ಷಣೆಯನ್ನಾದರೂ ಕೊಟ್ಟಿತೆ? ೧೯೧೭ರ ಜುಲೈ ತಿಂಗಳಿನಲ್ಲಿ ಮೆಸೊಪೊಟೇಮಿಯದ ರಮಾದಿಯ ಮೇಲೆ ನಡೆದ ವಿಫಲವಾದ ದಾಳಿಯಲ್ಲಿ ಬ್ರಿಟಿಷ್ ಪಡೆಗೆ ಒದಗಿದ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವು ಶತ್ರುವಿನ ಗುಂಡಿನಿಂದಲ್ಲ, ತಾಪದಿಂದ ಆದುದು. ಉಷ್ಣಾಘಾತವು ತಲೆಯನ್ನು ತೂರುವ ಕಿರಣದಿಂದ ಉಂಟಾಗತಕ್ಕದ್ದಲ್ಲ. ದೇಹವು ತನ್ನ ಉಷ್ಣವನ್ನು ಬೆವರಿನ ಮೂಲಕ ಹೊರಹಾಕಲಾರದೆ ಒಳಗಿನ ಉಷ್ಣತೆಯು ಏರಿದಾಗ ಉಂಟಾಗತಕ್ಕದ್ದು. ನೀರು, ಉಪ್ಪು, ವಿಶ್ರಾಂತಿ, ಸಡಿಲವಾದ ಉಡುಪು ಇವೇ ಇದಕ್ಕೆ ಮುಖ್ಯ ರಕ್ಷೆ. ಟೋಪಿ ಕೊಡುವ ನೆರಳು ಉಪಯುಕ್ತವೇ. ಆದರೆ ಆ ನೆರಳನ್ನು ಮುಂಡಾಸೂ ಕೊಡುತ್ತದೆ, ಅಗಲವಾದ ಅಂಚಿನ ಯಾವ ಟೋಪಿಯೂ ಕೊಡುತ್ತದೆ. ಟೋಪಿಯೊಂದನ್ನೇ ನೆಚ್ಚಿ, ನೀರನ್ನೂ ವಿಶ್ರಾಂತಿಯನ್ನೂ ಕಡೆಗಣಿಸಿದ್ದರಿಂದ ಆದ ಹಾನಿಯು ಅಲ್ಪವಲ್ಲ.

ಎರಡನೆಯ ಮಹಾಯುದ್ಧದಲ್ಲಿ ಈ ವಾದವು ಇತ್ಯರ್ಥವಾಯಿತು. ಉತ್ತರ ಆಫ್ರಿಕಕ್ಕೆ ೧೯೪೧ರಲ್ಲಿ ಬಂದಿಳಿದ ಜರ್ಮನ್ ಸೈನಿಕರು ಬೆಂಡುಟೋಪಿಯನ್ನು ಬೇಗನೆ ಬಿಟ್ಟು ಬಟ್ಟೆಯ ಕುಲಾವಿಯನ್ನು ಹಾಕಿಕೊಂಡರು. ಬ್ರಿಟಿಷ್ ಸೈನಿಕರು ಉಕ್ಕಿನ ಶಿರಸ್ತ್ರಾಣದಲ್ಲಿಯೂ ಬೆರೆಯಲ್ಲಿಯೂ ಮರಳುಗಾಡಿನ ಯುದ್ಧವನ್ನು ಮಾಡಿದರು. ಯಾರ ಮಿದುಳೂ ಕಿರಣದಿಂದ ಕೆಡಲಿಲ್ಲ. ೧೯೬೨ರಲ್ಲಿ ರೆನ್‌ಬೋರ್ನ್ ಎಂಬ ವಿದ್ವಾಂಸನು ಉಷ್ಣವಲಯದ ವೈದ್ಯಕ್ಕೆ ಮೀಸಲಾದ ಪತ್ರಿಕೆಯೊಂದರಲ್ಲಿ ಈ ಟೋಪಿಯ ಬದುಕು ಸಾವುಗಳನ್ನು ಕುರಿತು ಲೇಖನವನ್ನು ಬರೆಯುವ ವೇಳೆಗೆ ಅದು ಚರಿತ್ರೆಯ ವಸ್ತುವಾಗಿತ್ತು.

೫. ಟೋಪಿಯನ್ನು ಓದುವ ಕ್ರಮ

ಶಾಸನವನ್ನು ಓದುವವನು ಮೊದಲು ಕಲ್ಲನ್ನೂ ಆಮೇಲೆ ಲಿಪಿಯನ್ನೂ ಕೊನೆಗೆ ಒಕ್ಕಣೆಯನ್ನೂ ನೋಡುವಂತೆ, ಟೋಪಿಯ ಪರೀಕ್ಷೆಗೂ ಒಂದು ಕ್ರಮವಿರಬೇಕು.

ಮೊದಲನೆಯದು ಗೋಡೆಯ ವಸ್ತು: ಬೆಂಡೇ, ಕಾರ್ಕೇ, ಫೆಲ್ಟೇ, ಒತ್ತಿದ ನಾರೇ ಎಂಬುದು. ನೆತ್ತಿಯ ಗಾಳಿಗಂಡಿಯ ಗುಬುಟನ್ನು ತಿರುಗಿಸಿ ತೆಗೆದರೆ ಅಲ್ಲಿ ಒಳವಸ್ತುವಿನ ಅಂಚು ಸಾಮಾನ್ಯವಾಗಿ ಕಾಣುತ್ತದೆ. ವಿಧ್ಯುಕ್ತ ಕವಾಯತಿನ ಸಮಯದಲ್ಲಿ ಈ ಗುಬುಟಿನ ಸ್ಥಾನದಲ್ಲಿ ಲೋಹದ ಮೊನೆಯನ್ನು ಕೂರಿಸುತ್ತಿದ್ದರು. ಎರಡನೆಯದು ಹೊದಿಕೆ: ಎಷ್ಟು ತುಂಡುಗಳು, ಹೊಲಿಗೆ ಕೈಯದೇ ಯಂತ್ರದ್ದೇ, ಬಿಳುಪಿನ ಕೆಳಗೆ ಖಾಕಿ ಇದೆಯೇ ಅಥವಾ ಖಾಕಿಯ ಕೆಳಗೆ ಬಿಳುಪು ಇದೆಯೇ. ಒಂದೇ ಟೋಪಿಯು ಎರಡು ಕಾಲಗಳಲ್ಲಿ ಸೇವೆಮಾಡಿದ್ದರೆ ಅದು ಪದರಗಳಿಂದ ತಿಳಿಯುತ್ತದೆ. ಮೂರನೆಯದು ಪಗರಿ ಮತ್ತು ಅದರ ಪಕ್ಕದಲ್ಲಿ ಹೊಲಿದ ದಳದ ಬಟ್ಟೆಯ ಗುರುತು. ಗುರುತು ಕಿತ್ತುಹೋಗಿದ್ದರೂ ಮಾಸದೆ ಉಳಿದ ಬಟ್ಟೆಯ ಆಕಾರವೂ ಸೂಜಿಯ ರಂಧ್ರಗಳೂ ಸಾಕ್ಷಿ ನುಡಿಯುತ್ತವೆ.

ನಾಲ್ಕನೆಯದು ಒಳಭಾಗ. ತೊಗಲಪಟ್ಟಿಯ ಮೇಲೆ ತಯಾರಕನ ಹೆಸರು, ಅಳತೆ, ಕೆಲವೊಮ್ಮೆ ಧರಿಸಿದವನ ಹೆಸರು ಇರುತ್ತವೆ. ಲಂಡನ್ನಿನ ಹಾಕ್ಸ್ ಕಂಪೆನಿಯ ಹೆಸರುಳ್ಳ ಟೋಪಿಯು ಅಧಿಕಾರಿಯು ತನ್ನ ಹಣದಿಂದ ಕೊಂಡುದೆಂದು ಊಹಿಸಬಹುದು. ಸರಕಾರದ ಸ್ವತ್ತಾಗಿದ್ದುದರ ಮೇಲೆ ಬಾಣದ ಮುದ್ರೆ ಇರುತ್ತದೆ. ಬರಿಯ ಬಾಣವು ಬ್ರಿಟನ್ನಿನದು. ಬಾಣದೊಡನೆ ಇಂಗ್ಲಿಷಿನ ‘ಐ’ ಅಕ್ಷರವಿದ್ದರೆ ಹಿಂದೂಸ್ಥಾನದ್ದು, ‘ಸಿ’ ಇದ್ದರೆ ಕೆನಡದ್ದು, ‘ಯು’ ಇದ್ದರೆ ದಕ್ಷಿಣ ಆಫ್ರಿಕದ್ದು, ಎರಡು ‘ಡಿ’ಗಳ ನಡುವೆ ಬಾಣವಿದ್ದರೆ ಆಸ್ಟ್ರೇಲಿಯದ್ದು. ಬೆವರಿನ ಕಲೆ, ಅಳತೆಗಾಗಿ ಪಟ್ಟಿಯ ಹಿಂದೆ ತುರುಕಿದ ಕಾಗದ, ಹರಿದಲ್ಲಿ ಹಾಕಿದ ಒರಟಾದ ಹೊಲಿಗೆ ಇವುಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ, ಇತಿಹಾಸದಲ್ಲಿ ಉಂಟು. ತುರುಕಿದ ಕಾಗದವು ವೃತ್ತಪತ್ರಿಕೆಯ ಚೂರಾಗಿದ್ದರೆ ಸ್ಥಳವೂ ವರ್ಷವೂ ಒಟ್ಟಿಗೇ ದೊರೆಯಬಹುದು.

೬. ಕೃತಕಗಳು

ಬೇಡಿಕೆಯಿದ್ದಲ್ಲಿ ಕೃತಕವೂ ಇರುತ್ತದೆ. ಚಲನಚಿತ್ರ ಮತ್ತು ಪ್ರದರ್ಶನಗಳಿಗಾಗಿ ಈ ಟೋಪಿಗಳ ಪ್ರತಿಕೃತಿಗಳು ಹಿಂದೂಸ್ಥಾನ, ಪಾಕಿಸ್ತಾನ, ವಿಯೆಟ್ನಾಮುಗಳಲ್ಲಿ ತಯಾರಾಗುತ್ತವೆ. ಪ್ರತಿಕೃತಿಯು ಪ್ರತಿಕೃತಿಯೆಂದೇ ಮಾರಾಟವಾದರೆ ದೋಷವಿಲ್ಲ. ಅದಕ್ಕೆ ಮುಪ್ಪನ್ನು ಬರಿಸಿ ಹಳೆಯದೆಂದು ಮಾರಿದರೆ ಅದು ವಂಚನೆ. ೧೮೭೯ರ ಸೈನಿಕನು ಪ್ರಾಣರಕ್ಷಣೆಗೆ ಬಳಸಿದ ಚಹದ ಕಷಾಯವೇ ಇಂದು ಹೊಸ ಬಟ್ಟೆಗೆ ಹಳೆಯ ಬಣ್ಣವನ್ನು ಕೊಡಲು ಒದಗುತ್ತದೆ. ವ್ಯತ್ಯಾಸವನ್ನು ಕಾಣಲು ಮಡಿಕೆಗಳನ್ನು ಬಿಡಿಸಿ ನೋಡಬೇಕು: ವರ್ಷಗಳ ಬಳಕೆಯಿಂದ ಬಂದ ಕಂದು ಹೊರಗೆ ಹೆಚ್ಚು, ಮಡಿಕೆಯೊಳಗೆ ಕಡಮೆ, ಅದ್ದಿ ತೆಗೆದ ಬಣ್ಣ ಎಲ್ಲ ಕಡೆಗೂ ಒಂದೇ ಸಮನಾಗಿರುತ್ತದೆ. ಸೈನಿಕನೂ ತನ್ನ ಟೋಪಿಯನ್ನು ಅದ್ದಿ ತೆಗೆದಿರಬಹುದಾದುದರಿಂದ ಇದೊಂದೇ ಪರೀಕ್ಷೆಯನ್ನು ನೆಚ್ಚಬಾರದು.

ಇನ್ನೊಂದು ಸಾಧನವೆಂದರೆ ನೇರಳಾತೀತ ದೀಪ. ಎರಡನೆಯ ಮಹಾಯುದ್ಧದ ಅನಂತರ ಬಳಕೆಗೆ ಬಂದ ಬಿಳುಪುಕಾರಕಗಳಿರುವ ಬಟ್ಟೆಯೂ ದಾರವೂ ಈ ದೀಪದಡಿಯಲ್ಲಿ ನೀಲಿಯಾಗಿ ಹೊಳೆಯುತ್ತವೆ. ಹಳೆಯ ಹತ್ತಿಯು ಮಂಕಾಗಿಯೇ ಇರುತ್ತದೆ. ಆದರೆ ಹಳೆಯ ಬಟ್ಟೆಯನ್ನು ಇಂದಿನ ಸಾಬೂನುಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆಯುವುದೆಂಬುದನ್ನು ಮರೆಯಬಾರದು. ಬಿಲ್ಲೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಟೋಪಿ ಹಳೆಯದೇ ಆಗಿದ್ದು, ಬೆಲೆ ಹೆಚ್ಚಿಸಲೆಂದು ಪ್ರಸಿದ್ಧ ದಳದ ಲಾಂಛನವನ್ನು ಆಮೇಲೆ ಜೋಡಿಸುವುದುಂಟು. ಜರ್ಮನ್ ಟೋಪಿಯ ಲೋಹದ ಗುರಾಣಿಗಳಲ್ಲಿ ಇದು ವಿಶೇಷ. ಬಿಲ್ಲೆಯ ಸುತ್ತ ಬಟ್ಟೆ ಮಾಸಿದ ಬಗೆಯೂ, ಅದರ ಕೊಕ್ಕೆಗಳು ಗೋಡೆಯಲ್ಲಿ ಮಾಡಿದ ತೂತುಗಳ ಹಳಮೆಯೂ ಪರಸ್ಪರ ಹೊಂದಬೇಕು. ಈ ಬಗೆಯ ಮೋಸವು ಸಂಪೂರ್ಣ ಕೃತಕಕ್ಕಿಂತ ಹಾನಿಕರವಾದುದು. ಏಕೆಂದರೆ ಇಲ್ಲಿ ನಿಜವಾದ ಸಾಕ್ಷಿಯೊಂದರ ಬಾಯಲ್ಲಿ ಸುಳ್ಳನ್ನು ನುಡಿಸಿದಂತಾಗುತ್ತದೆ.

೭. ರಕ್ಷಣೆಯೂ ಕಾಯಿದೆಯೂ

ಬೆಂಡು ಮತ್ತು ಅಂಟುಗಳೆರಡೂ ಕೀಟಗಳಿಗೆ ಆಹಾರ. ತೇವವು ಎರಡಕ್ಕೂ ಶತ್ರು. ಮಳೆ ಹೆಚ್ಚಾದ ಕರಾವಳಿ, ಮಲೆನಾಡುಗಳಲ್ಲಿ ಟೋಪಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಮರೆತುಬಿಡುವುದು ಅದನ್ನು ಕಳೆದುಕೊಂಡಂತೆಯೇ. ಗೋಡೆಯ ಮೊಳೆಗೆ ತೂಗುಹಾಕದೆ, ಒಳಗಿನಿಂದ ಆಧಾರವಿರುವಂತೆ ಆಮ್ಲರಹಿತವಾದ ಕಾಗದದ ಮೇಲೆ ಕೂರಿಸಿ, ನೇರವಾದ ಬೆಳಕು ಬೀಳದ, ಗಾಳಿಯಾಡುವ ಕಡೆ ಇಡಬೇಕು. ನೀರಿನಿಂದ ತೊಳೆಯಲಾಗದು, ಮೃದುವಾದ ಕುಂಚದಿಂದ ಧೂಳನ್ನು ತೆಗೆದರೆ ಸಾಕು. ಹಿಂದಿನವರು ಕೀಟಗಳಿಗಾಗಿ ವಿಷದ ಪುಡಿಗಳನ್ನು ಬಳಸಿರಬಹುದಾದುದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಹಳೆಯ ಟೋಪಿಯನ್ನು ತಲೆಗೆ ಇಟ್ಟು ನೋಡುವ ಆಸೆಯನ್ನಂತೂ ಬಿಡಬೇಕು. ಹೊಸ ಬಟ್ಟೆ ಹೊದಿಸುವುದು, ಬಣ್ಣ ಬಳಿಯುವುದು, ಹಿತ್ತಾಳೆಯನ್ನು ಉಜ್ಜಿ ಬೆಳಗುವುದು ಇವೆಲ್ಲ ಜೀರ್ಣೋದ್ಧಾರವೆಂಬ ಹೆಸರಿನ ನಾಶವೇ. ಶಾಸನದ ಕಲ್ಲಿಗೆ ಸುಣ್ಣ ಬಳಿಯುವುದನ್ನು ಕಂಡು ಮರುಗುವ ನಾವು ಇದನ್ನು ಸುಲಭವಾಗಿ ಅರಿಯಬಲ್ಲೆವು.

ನಮ್ಮ ದೇಶದ ಸಂಗ್ರಾಹಕರು ೧೯೭೨ರ ಪ್ರಾಚೀನ ವಸ್ತುಗಳ ಮತ್ತು ಕಲಾನಿಧಿಗಳ ಕಾಯಿದೆಯನ್ನು ಅರಿತಿರಬೇಕು. ಗತಕಾಲದ ಕಲೆ, ಕುಶಲತೆ, ಆಚಾರ ಮುಂತಾದುವನ್ನು ತೋರಿಸುವ, ನೂರು ವರ್ಷಗಳಿಗೆ ಕಡಮೆಯಿಲ್ಲದ ವಸ್ತುವು ಈ ಕಾಯಿದೆಯ ದೃಷ್ಟಿಯಲ್ಲಿ ಪ್ರಾಚೀನ ವಸ್ತು. ಖಾಸಗಿ ವ್ಯಕ್ತಿಯು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಒಂದು ಕಾಲದಲ್ಲಿ ಹಳೆಯ ಸಾಮಾನೆಂದು ಎಣಿಸಲ್ಪಟ್ಟಿದ್ದ ಅನೇಕ ಟೋಪಿಗಳು ಈಗ ಈ ವಯಸ್ಸನ್ನು ದಾಟಿವೆ.

೮. ಉಪಸಂಹಾರ

ಬೆಂಗಳೂರಿನ ದಂಡು ಸ್ಥಾಪಿತವಾದುದು ೧೮೦೯ರಲ್ಲಿ.

ಅಲ್ಲಿಂದ ೧೯೪೭ರವರೆಗೆ ಬ್ರಿಟಿಷ್ ದಳಗಳು ಅಲ್ಲಿ ಬಂದುಹೋಗುತ್ತಿದ್ದುವು. ಇಂಥ ಊರುಗಳ ಹಳೆಯ ಮನೆಗಳ ಅಟ್ಟಗಳಲ್ಲಿ, ಗುಜರಿಯ ಅಂಗಡಿಗಳಲ್ಲಿ ಈ ಟೋಪಿಗಳು ಇನ್ನೂ ದೊರೆಯುವ ಸಂಭವವುಂಟು. ಕಾಲೇಜಿನ ಇತಿಹಾಸಸಂಘಗಳು ಇವನ್ನು ಕೊಳ್ಳಬೇಕಾಗಿಲ್ಲ, ದಾಖಲೆಮಾಡಿದರೆ ಸಾಕು. ಐದು ಪಕ್ಕಗಳಿಂದ ಮತ್ತು ಒಳಗಿನಿಂದ ಛಾಯಾಚಿತ್ರ, ತೂಕ, ಅಳತೆ, ವಸ್ತು, ಅಸ್ತರಿಯ ಬಣ್ಣ, ಮುದ್ರೆಗಳ ಯಥಾವತ್ತಾದ ನಕಲು, ದೊರೆತ ಸ್ಥಳ, ಮನೆಯವರು ಹೇಳಿದ ಮಾತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಬಹುದು. ಮನೆಯವರ ಮಾತನ್ನೂ ವಸ್ತುವಿನ ಸಾಕ್ಷ್ಯವನ್ನೂ ಬೆರೆಸದೆ ಬೇರೆ ಬೇರೆಯಾಗಿ ಬರೆಯಬೇಕೆಂಬುದೊಂದೇ ಇಲ್ಲಿ ಕಟ್ಟುನಿಟ್ಟಾದ ನಿಯಮ.

ಹೀಗೆ ಸೇರಿದ ಹಾಳೆಗಳಿಂದ ಉತ್ತರಿಸಬಹುದಾದ ಪ್ರಶ್ನೆಗಳು ಸಣ್ಣವಲ್ಲ. ೧೯೧೦ರ ಪ್ರಯೋಗದ ಅನಂತರ ಕೆಂಪು ಅಸ್ತರಿಯು ಎಷ್ಟು ವರ್ಷ ಮುಂದುವರಿಯಿತು? ಅಧಿಕಾರಿಯ ಟೋಪಿಯಲ್ಲಿ ಮೊದಲು ಹೋಯಿತೆ, ಸಾಮಾನ್ಯ ಸೈನಿಕನದರಲ್ಲಿ ಮೊದಲು ಹೋಯಿತೆ? ದೇಶೀಯ ಕುಶಲಕರ್ಮಿಯು ಮಾಡಿದ ಟೋಪಿಯಲ್ಲಿ ಆ ಸಿದ್ಧಾಂತದ ಗುರುತು ಎಷ್ಟರಮಟ್ಟಿಗೆ ಇದೆ? ಒಬ್ಬರ ತಲೆಬುರುಡೆ ಇನ್ನೊಬ್ಬರದಕ್ಕಿಂತ ಬೇರೆಯೆಂಬ ಮಾತನ್ನು ಒಂದು ಸಾಮ್ರಾಜ್ಯವು ಎಷ್ಟು ಕಾಲ, ಎಷ್ಟು ವೆಚ್ಚದಿಂದ, ಎಷ್ಟು ಹೊಲಿಗೆಗಳಿಂದ ಕಾಪಾಡಿಕೊಂಡಿತೆಂಬುದನ್ನು ಈ ಅಸ್ತರಿಗಳು ಬಲ್ಲವು. ಅವುಗಳನ್ನು ಕಿತ್ತು ಹೊಸದನ್ನು ಹೊಲಿಯುವ ಮೊದಲು ನೋಡಿ ಬರೆದಿಡುವ ಕೆಲಸವು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಸಾಧ್ಯವಾದುದಾಗಿದೆ.